ಕೇಡಿನ ಬಾವುಟವೂ ತರಕಾರಿಯ ಪಾತಿಯೂ

ನಮ್ಮ ತಂಗಿಯ ಮಗಳು ಪದವೀಪೂರ್ವ ತರಗತಿಯ ವ್ಯಾಸಂಗಕ್ಕಾಗಿ ನಮ್ಮ ಮನೆಯಲ್ಲಿಯೇ ಇದ್ದಾಳೆ. ಹುಡುಗಿಗೆ ಹದಿನೇಳು ವಯಸ್ಸು. ಓದಿನಲ್ಲಿ ಜಾಣೆಯೆಂದೇ ಹೆಸರು. ಆದರೆ ಕಳೆದ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕಗಳು ಇಳಿಮುಖವಾದುವು. ಅದೇ ಸಮಯಕ್ಕೆ ಆಕೆಯು ರಾತ್ರಿ ಹನ್ನೊಂದು ಗಂಟೆಯ ಮೇಲೂ ಹೊದಿಕೆಯೊಳಗೆ ಮೊಬೈಲಿನ ಬೆಳಕನ್ನಿಟ್ಟುಕೊಂಡು ಏನನ್ನೋ ಓದುತ್ತ ಒಬ್ಬಳೇ ನಗುತ್ತಿರುವಳೆಂಬ ವರ್ತಮಾನವು ನಮ್ಮ ಗೃಹಿಣಿಯ ಮೂಲಕ ತಂಗಿಗೆ ಮುಟ್ಟಿತು. “ಅಣ್ಣಾ, ನೀನು ಮೇಷ್ಟರಾಗಿದ್ದವನು. ಅದೇನು ಓದುತ್ತಾಳೋ ಒಂದಿಷ್ಟು ನೋಡು. ಬಯ್ಯಬೇಕಾದುದಿದ್ದರೆ ನೀನೇ ಬಯ್ಯಿ. ನಾನು ಬೈದರೆ ಕೇಳುವುದಿಲ್ಲ” ಎಂದು ತಂಗಿಯು ಊರಿನಿಂದ ಹೇಳಿಕಳುಹಿಸಿದಳು. ಮೂವತ್ತೈದು ವರುಷ ಮಕ್ಕಳನ್ನು ಬೈದ ಅನುಭವವುಳ್ಳ ನಮಗೆ ಇದೇನೂ ಕಷ್ಟದ ಕಾರ್ಯವಾಗಿ ತೋರಲಿಲ್ಲ. ಹುಡುಗಿಯನ್ನು ಕರೆದು ಕೇಳಿದೆವು. ಅವಳು ಅಂಜಲೂ ಇಲ್ಲ, ಮುಚ್ಚಿಡಲೂ ಇಲ್ಲ. “ಜಪಾನಿನ ಕಾದಂಬರಿ, ಮಾವ. ಸತ್ತ ಹುಡುಗಿ ಒಂದು ಆಟದ ಒಳಗೆ ಮತ್ತೆ ಹುಟ್ಟುತ್ತಾಳೆ. ನೀವು ಓದಿ, ಓದಿದ ಮೇಲೆ ಬಯ್ಯಿರಿ” ಎಂದು ಮೊಬೈಲನ್ನೇ ನಮ್ಮ ಕೈಗಿತ್ತು ಕಾಲೇಜಿಗೆ ಹೊರಟುಹೋದಳು.

ಓದದೆಯೇ ತೀರ್ಪು ಹೇಳಬಾರದೆಂದು ನಾವೇ ಎಷ್ಟೋ ಸಲ ತರಗತಿಯಲ್ಲಿ ಉಪದೇಶಿಸಿದ್ದುಂಟು. ಆದುದರಿಂದ ಮಧ್ಯಾಹ್ನದ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ ಇಂಗ್ಲಿಷ್ ಅನುವಾದವನ್ನು ಓದತೊಡಗಿದೆವು. ಈ ಯಂತ್ರದಲ್ಲಿ ಅಕ್ಷರಗಳನ್ನು ಬೇಕಾದಷ್ಟು ದಪ್ಪವಾಗಿ ಮಾಡಿಕೊಳ್ಳಬಹುದೆಂಬುದು ಅಂದು ನಮಗೆ ತಿಳಿಯಿತು. ಕನ್ನಡಕದ ಹಂಗಿಲ್ಲದೆ ಓದಿದ್ದು ಹಲವು ವರುಷಗಳ ಮೇಲೆ ಅದೇ ಮೊದಲು. ಸಂಜೆಯ ಕಾಫಿಯ ವೇಳೆಗೆ ಗೃಹಿಣಿಯು ಬಂದು, “ಬಯ್ಯಲು ಹೋದವರು ನೀವೇ ನಗುತ್ತಿರುವಿರಲ್ಲ?” ಎಂದು ಕೇಳಿದಳು. ಆ ನಗುವಿಗೆ ಕಾರಣವಾದ ಗ್ರಂಥದ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಗ್ರಂಥದ ಹೆಸರು. ಬಾಣಭಟ್ಟನ ಸಮಾಸಗಳಿಗೆ ಹೆದರದವರೂ ಇಲ್ಲಿ ಒಮ್ಮೆ ಉಸಿರು ಹಿಡಿಯಬೇಕು. “ಒತೊಮೆ ಗೇಮು ನೊ ಹಮೆತ್ಸು ಫುರಾಗು ಶಿಕಾ ನಾಯ್ ಅಕುಯಾಕು ರೇಜೋ ನಿ ತೆನ್ಸೇ ಶಿತೆ ಶಿಮತ್ತ” ಎಂಬುದು ಜಪಾನೀ ಶಿರೋನಾಮೆ. ಬರೆದವರು ಯಾಮಾಗುಚಿ ಸಾತೊರು. ಚಿತ್ರಗಳನ್ನು ಬರೆದವರು ಹಿದಾಕಾ ನಾಮಿ. ಇಷ್ಟುದ್ದದ ಹೆಸರನ್ನು ಹೇಳಿ ದಣಿದ ಜಪಾನಿನ ಓದುಗರು ಇದನ್ನು “ಹಮೆಫುರಾ” ಎಂದು ಮೊಟಕುಮಾಡಿಕೊಂಡಿದ್ದಾರೆ. ಪದಪದವಾಗಿ ಅರ್ಥಮಾಡಿದರೆ, “ಕನ್ಯೆಯರ ಆಟದಲ್ಲಿ, ಕೇಡಿನ ಬಾವುಟಗಳ ಹೊರತು ಬೇರೇನೂ ಇಲ್ಲದ, ಖಳಪಾತ್ರದ ದೊರೆಮನೆಯ ಮಗಳಾಗಿ ಮರುಹುಟ್ಟು ಪಡೆದುಬಿಟ್ಟೆ” ಎಂದಾಗುತ್ತದೆ. ಕ್ರಿಯಾಪದವು ವಾಕ್ಯದ ತುದಿಗೆ ಬರುವುದು ನಮ್ಮ ಕನ್ನಡದಂತೆಯೇ. ಅದಕ್ಕಿಂತ ಮೋಜೆಂದರೆ ಕೊನೆಯ “ಶಿಮತ್ತ” ಎಂಬ ಮಾತು. ಆದದ್ದು ಆಗಿಯೇ ಹೋಯಿತು, ಇನ್ನೇನು ಮಾಡಲಿ ಎಂಬ ಪೇಚಾಟವನ್ನು ನಾವು “ಬಿಟ್ಟೆ” ಎಂದು ಸೇರಿಸಿ ಹೇಗೆ ಸೂಚಿಸುತ್ತೇವೆಯೋ, ಬಿದ್ದುಬಿಟ್ಟೆ, ಮರೆತುಬಿಟ್ಟೆ ಎಂಬಂತೆ, ಹಾಗೆಯೇ ಅವರೂ ಸೂಚಿಸುತ್ತಾರೆ. ಇಂಗ್ಲಿಷಿನಲ್ಲಿ ಈ ಸೊಗಸು ಬರುವುದಿಲ್ಲ. ಕನ್ನಡಕ್ಕಾದರೋ ತಂದೆಯ ಮನೆಗೆ ಬಂದಂತೆ ಬರುತ್ತದೆ.

“ತೆನ್ಸೇ” ಎಂದರೆ ತಿರುಗಿ ಹುಟ್ಟುವುದು. ಪುನರ್ಜನ್ಮದ ಈ ಭಾವನೆಯು ಆರನೆಯ ಶತಮಾನದಲ್ಲಿ ಬೌದ್ಧಧರ್ಮದ ಜೊತೆಯಲ್ಲಿ ಕೊರಿಯಾದ ಮಾರ್ಗವಾಗಿ ಜಪಾನನ್ನು ಸೇರಿತು. ಹೀಗೆ ನಮ್ಮ ನೆಲದಿಂದ ಹೊರಟ ಸರಕು ಹದಿನಾಲ್ಕು ಶತಮಾನಗಳ ಮೇಲೆ ವಿಚಿತ್ರವೇಷದಲ್ಲಿ ನಮ್ಮ ಮನೆಯ ಹೊದಿಕೆಯೊಳಕ್ಕೇ ಹಿಂದಿರುಗಿ ಬಂದಿತೆಂದು ಹೇಳಬೇಕು.

“ಕನ್ಯೆಯರ ಆಟ”ವೆಂದರೆ ಏನು? ಇದನ್ನು ನಮಗೆ ಸೊಸೆಯೇ ತಿಳಿಸಿದಳು. ಇದು ತೆರೆಯ ಮೇಲೆ ಆಡುವ ಒಂದು ಬಗೆಯ ಕಥೆ. ಆಡುವವಳು ಕಥಾನಾಯಕಿಯ ಸ್ಥಾನದಲ್ಲಿ ನಿಂತು, ಪ್ರಸಂಗ ಬಂದಾಗಲೆಲ್ಲ ಎರಡು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಆರಿಕೆಗೆ ತಕ್ಕಂತೆ ಕಥೆಯು ಕವಲೊಡೆದು, ನಾಲ್ಕಾರು ಮಂದಿ ಸುಂದರಪುರುಷರಲ್ಲಿ ಒಬ್ಬನ ಪ್ರೇಮದಲ್ಲಿಯೋ, ಇಲ್ಲವೆ ದುಃಖದಲ್ಲಿಯೋ ಮುಗಿಯುತ್ತದೆ. ಈ ಬಗೆಯ ಆಟಗಳಲ್ಲಿ ಮೊದಲನೆಯದೆಂದು ಎಣಿಸಲ್ಪಡುವ “ಆಂಜೆಲೀಕ್” ಎಂಬುದು ೧೯೯೪ರಲ್ಲಿ ಜಪಾನಿನ ಕೋಯೆಯ್ ಎಂಬ ಸಂಸ್ಥೆಯಿಂದ, ಹೆಂಗಸರೇ ಕೂಡಿದ ಒಂದು ತಂಡದ ಕೈಯಿಂದ ಹೊರಬಂದಿತು. ಇನ್ನು ಬಾವುಟ. ಆಡುವವಳು ಇಂಥ ಕಡೆ ಇಂಥ ಉತ್ತರವನ್ನು ಆರಿಸಿದಳೆಂಬುದನ್ನು ಯಂತ್ರವು ಒಂದು ಗುರುತುಹಾಕಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ಗುರುತಿಗೆ ಬಾವುಟವೆಂದು ಹೆಸರು. ಬಾವುಟ ಏರಿತೆಂದರೆ ಮುಂದೆ ಬರಬೇಕಾದ ಪ್ರಸಂಗ ಬಂದೇ ಬರುತ್ತದೆ. ಸಂಸ್ಕೃತದಲ್ಲಿ ಕೇತು ಎಂಬ ಶಬ್ದಕ್ಕೆ ಬಾವುಟವೆಂದೇ ಅರ್ಥ. ಕೇಡಿನ ಸೂಚನೆಯಾಗಿ ಆಕಾಶದಲ್ಲಿ ಏರುವ ಹೊಗೆಯ ಬಾವುಟವನ್ನೇ ನಾವು ಧೂಮಕೇತುವೆಂದು ಕರೆದೆವು. ಹೀಗಾಗಿ “ಕೇಡಿನ ಬಾವುಟ”ವೆಂಬ ಮಾತು ನಮಗೆ ಹೊಸದಾಗಿ ಕೇಳಿಸಲಿಲ್ಲ.

ಕಥೆ ಹೀಗಿದೆ. ಕತರೀನಾ ಕ್ಲಾಯೆಸ್ ಎಂಬವಳು ಒಂದು ಕಲ್ಪಿತ ರಾಜ್ಯದಲ್ಲಿ ದೊಡ್ಡ ಸಾಮಂತನ ಒಬ್ಬಳೇ ಮಗಳು, ಎಂಟು ವಯಸ್ಸಿನವಳು, ಮುದ್ದಿನಿಂದ ಕೆಟ್ಟು ಹಟಮಾರಿಯಾದವಳು. ಒಂದು ದಿನ ಅರಮನೆಯ ತೋಟದಲ್ಲಿ ಮೂರನೆಯ ರಾಜಕುಮಾರನಾದ ಜಿಯೊರ್ಡೊವಿನ ಹಿಂದೆ ಓಡಿ, ಎಡವಿ ಬಿದ್ದು, ತಲೆಗೆ ಪೆಟ್ಟುಮಾಡಿಕೊಳ್ಳುತ್ತಾಳೆ. ಪೆಟ್ಟಿನೊಡನೆ ಹಿಂದಿನ ಜನ್ಮದ ನೆನಪು ಬರುತ್ತದೆ. ಆ ಜನ್ಮದಲ್ಲಿ ಅವಳು ಜಪಾನಿನ ಹದಿನೇಳು ವಯಸ್ಸಿನ ಶಾಲೆಯ ಹುಡುಗಿ. “ಫಾರ್ಚೂನ್ ಲವರ್” ಎಂಬ ಕನ್ಯೆಯರ ಆಟವನ್ನು ರಾತ್ರಿಯೆಲ್ಲ ಆಡಿ, ಬೆಳಿಗ್ಗೆ ತಡವಾಗಿ ಎದ್ದು, ಅವಸರದಿಂದ ಶಾಲೆಗೆ ಹೊರಟಾಗ ದಾರಿಯಲ್ಲಿ ಅಪಘಾತವಾಗಿ ಸತ್ತವಳು. (ಇಲ್ಲಿಗೆ ಬಂದಾಗ ನಾವು ಸೊಸೆಯ ಹೊದಿಕೆಯನ್ನು ನೆನೆದು ಸ್ವಲ್ಪ ಗಂಭೀರರಾದೆವೆಂದು ಒಪ್ಪಿಕೊಳ್ಳುತ್ತೇವೆ.) ಈಗ ತಾನು ಹುಟ್ಟಿರುವುದು ಅದೇ ಆಟದ ಲೋಕದಲ್ಲಿ, ಅದೂ ನಾಯಕಿಯಾಗಿ ಅಲ್ಲ, ನಾಯಕಿಯನ್ನು ಪೀಡಿಸುವ ಖಳಕನ್ಯೆಯಾಗಿ! ಆಟದ ಪ್ರಕಾರ ಜಿಯೊರ್ಡೊವಿಗೂ ನಾಯಕಿಗೂ ಪ್ರೇಮ ಕೂಡಿಬಂದರೆ ಕತರೀನಳಿಗೆ ದೇಶಭ್ರಷ್ಟತೆ. ಕೂಡಿಬಾರದಿದ್ದರೆ ಅವನ ಕತ್ತಿಯಿಂದ ಸಾವು. ದತ್ತುತಮ್ಮನಾದ ಕೀತನ ಕವಲಿನಲ್ಲಿಯೂ ಹಾಗೆಯೇ, ಗಡೀಪಾರು ಇಲ್ಲವೆ ಮರಣ. ಅಂತು ಯಾರು ಸುಖಪಟ್ಟರೂ ದುಃಖಪಟ್ಟರೂ ಇವಳಿಗೆ ಮಾತ್ರ ಕೇಡು.

ಅವಳ ತಲೆಯೊಳಗೆ ಐವರು ಪುಟ್ಟ ಕತರೀನಾಗಳು ಮೇಜಿನ ಸುತ್ತ ಕುಳಿತು ಸಭೆ ನಡೆಸುತ್ತಾರೆ. ಅಧ್ಯಕ್ಷಳಿದ್ದಾಳೆ, ಕಾರ್ಯದರ್ಶಿಯಿದ್ದಾಳೆ, ಅಂಜುಬುರುಕಿಯಿದ್ದಾಳೆ. ಸಭೆಯ ನಿರ್ಣಯಗಳು ನಮ್ಮೂರಿನ ಪುರಸಭೆಯ ನಿರ್ಣಯಗಳಿಗಿಂತ ಹೆಚ್ಚು ಬೇಗ ಜಾರಿಗೆ ಬರುತ್ತವೆ. ವಿವೇಕದಲ್ಲಿ ಮಾತ್ರ ಹೆಚ್ಚುಕಡಿಮೆ ಸಮಾನ. ರಾಜಕುಮಾರನು ಕೊಲ್ಲಲು ಬಂದರೆ ಎದುರಿಸುವುದಕ್ಕೆ ಕತ್ತಿವರಸೆ ಕಲಿಯಬೇಕು. ಅವನಿಗೆ ಹಾವೆಂದರೆ ಆಗದೆಂದು ಗೊತ್ತಾದ ಮೇಲೆ, ಸಮಯಕ್ಕೆ ಎಸೆಯಲು ಆಟಿಕೆಯ ಹಾವುಗಳನ್ನು ತಯಾರಿಸಿ ಇಟ್ಟುಕೊಳ್ಳಬೇಕು. ಗಡೀಪಾರಾದರೆ ಹೊಟ್ಟೆ ಹೊರೆಯಲು ಬೇಸಾಯ ತಿಳಿದಿರಬೇಕು. ಈ ಲೋಕದಲ್ಲಿ ಕೆಲವರಿಗೆ ಮಂತ್ರಶಕ್ತಿಯುಂಟು. ಕತರೀನಳಿಗೆ ದೊರೆತದ್ದು ಮಣ್ಣಿನ ಶಕ್ತಿ. ಅದೂ ನೆಲವನ್ನು ಒಂದು ಗೇಣು ಉಬ್ಬಿಸುವಷ್ಟು ಮಾತ್ರ! ಅದನ್ನು ಬೆಳೆಸುವುದಕ್ಕೆ ಮಣ್ಣಿನೊಡನೆ ಮಾತುಕತೆ ಬೇಕೆಂದು ತಾನೇ ಅರ್ಥಮಾಡಿಕೊಂಡು, ಸಾಮಂತನ ಸೊಗಸಾದ ಉದ್ಯಾನದ ಒಂದು ಮೂಲೆಯನ್ನು ಅಗೆದು ತರಕಾರಿಯ ಪಾತಿ ಮಾಡುತ್ತಾಳೆ. ತಲೆಗೆ ಬಟ್ಟೆ ಕಟ್ಟಿ ಗುದ್ದಲಿ ಹಿಡಿದ ಮಗಳನ್ನು ಕಂಡು ತಾಯಿಗೆ ಉಂಟಾಗುವ ಸಂಕಟವನ್ನು ಹೆಣ್ಣುಮಕ್ಕಳನ್ನು ಹೆತ್ತವರು ಊಹಿಸಬಲ್ಲರು.

ಇದೆಲ್ಲ ನಗೆಯ ಮೇಲುಹೊದಿಕೆ. ಒಳಗೆ ನಡೆಯುವುದು ಬೇರೆ. ದತ್ತುತಮ್ಮನಾದ ಕೀತನು ಒಂಟಿತನದಲ್ಲಿ ಬೆಳೆದು ಮುಂದೆ ಕೆಟ್ಟುಹೋಗುವನೆಂದು ಆಟದಲ್ಲಿದೆ. ಅವನು ಒಂಟಿಯಾಗದಿದ್ದರೆ ತನಗೆ ಕೇಡಿಲ್ಲವೆಂದು ಲೆಕ್ಕಹಾಕಿ ಕತರೀನಳು ಅವನನ್ನು ಮರ ಹತ್ತಿಸುತ್ತಾಳೆ, ಮೀನು ಹಿಡಿಯಲು ಕರೆದೊಯ್ಯುತ್ತಾಳೆ. ಅವನ ಮಂತ್ರಶಕ್ತಿಯಿಂದ ಒಮ್ಮೆ ಆಕೆಗೆ ಪೆಟ್ಟಾಗಿ, ಬಾಲಕನು ಅಳುತ್ತ ಕೋಣೆಯ ಬಾಗಿಲು ಹಾಕಿಕೊಂಡಾಗ, ಅವಳು ಹೊರಗೆ ನಿಂತು ಸಮಾಧಾನದ ಮಾತಾಡಿ ಸಾಕಾಗಿ, ಕೊಡಲಿಯನ್ನು ತಂದು ಬಾಗಿಲನ್ನೇ ಒಡೆದು ಒಳಹೊಕ್ಕು ಅವನ ಮುಂದೆ ತಪ್ಪೊಪ್ಪಿಕೊಳ್ಳುತ್ತಾಳೆ. ಸಾಂತ್ವನದ ಈ ವಿಧಾನವು ಯಾವ ನೀತಿಶಾಸ್ತ್ರದಲ್ಲಿಯೂ ನಮಗೆ ದೊರೆತಿಲ್ಲ. ಮಲತಾಯಿಯ ಮಕ್ಕಳಿಂದ ತುಳಿಯಲ್ಪಟ್ಟು ತಲೆಯೆತ್ತದ ಮೇರಿ ಹಂಟ್ ಎಂಬ ಬಾಲಕಿಗೆ ಗಿಡ ಬೆಳೆಸುವ ಕೈಗುಣವಿದೆ. ತನ್ನ ಪಾತಿಯ ಗಿಡಗಳು ಬಾಡತೊಡಗಿದಾಗ ಕತರೀನಳು ಅವಳ ನೆರವು ಬೇಡಿ, ಎಂಥ ಒಳ್ಳೆಯ ಕೈ ನಿನ್ನದೆಂದು ಹೊಗಳುತ್ತಾಳೆ. ಆಟದಲ್ಲಿ ಆ ಮಾತನ್ನು ಮೇರಿಗೆ ಹೇಳಿ ಅವಳ ಮನಸ್ಸನ್ನು ಗೆಲ್ಲಬೇಕಾಗಿದ್ದವನು ನಾಲ್ಕನೆಯ ರಾಜಕುಮಾರನಾದ ಅಲನ್. ಇವಳಿಗೆ ಅದು ನೆನಪಿಲ್ಲ. ಬಿಳಿಯ ಕೂದಲು ಕೆಂಪು ಕಣ್ಣುಗಳಿಂದ ಶಾಪಗ್ರಸ್ತೆಯೆಂದು ಹೀಯಾಳಿಸಲ್ಪಟ್ಟ ಸೋಫಿಯಾಳನ್ನು ಕಂಡು, ನಿನ್ನ ಕೂದಲು ಎಷ್ಟು ಚೆನ್ನಾಗಿದೆ, ನೀನೂ ಕಾದಂಬರಿ ಓದುವೆಯಾ ಎಂದು ಕೇಳಿ ಸ್ನೇಹ ಬೆಳೆಸುತ್ತಾಳೆ. ಇಂಥ ತಂಗಿಯಿರುವುದಕ್ಕೆ ಅಯ್ಯೋ ಪಾಪವೆಂದು ಊರೆಲ್ಲ ಮರುಗುತ್ತಿದ್ದ ಸೋಫಿಯಾಳ ಅಣ್ಣ ನಿಕೋಲನಿಗೆ, ನೀನೆಷ್ಟು ಭಾಗ್ಯವಂತನೆಂದು ಹೇಳಿದವಳು ಇವಳೊಬ್ಬಳೇ.

ಕೊನೆಗೆ ಮಂತ್ರವಿದ್ಯೆಯ ಶಾಲೆಯಲ್ಲಿ ಆಟದ ನಿಜವಾದ ನಾಯಕಿ ಬರುತ್ತಾಳೆ. ಮರಿಯಾ ಕ್ಯಾಂಬೆಲ್ ಎಂಬ ಬಡವರ ಮಗಳು. ಅಪರೂಪದ ಬೆಳಕಿನ ಶಕ್ತಿಯುಳ್ಳವಳು. ಅವಳನ್ನು ಕತರೀನಳು ಪೀಡಿಸಬೇಕೆಂಬುದು ಆಟದ ವಿಧಿ. ಆದರೆ ಸಿರಿವಂತ ಹುಡುಗಿಯರು ಮರಿಯಾಳು ಮಾಡಿತಂದ ತಿಂಡಿಯನ್ನು ನೆಲಕ್ಕೆ ಕೆಡವಿದಾಗ, ಕತರೀನಳು ಬಿದ್ದುದನ್ನು ಆರಿಸಿಕೊಂಡು ತಿಂದು, ಇಷ್ಟು ರುಚಿಯಾದುದನ್ನು ಚೆಲ್ಲುವುದೇ ಎಂದು ಹಲುಬುತ್ತಾಳೆ. ಒಬ್ಬರ ಹಿಂದೊಬ್ಬರಾಗಿ ಗಂಡುಹೆಣ್ಣೆನ್ನದೆ ಎಲ್ಲರೂ ಅವಳಿಗೆ ಮನಸೋಲುತ್ತಾರೆ. ಅದು ಅವಳಿಗೊಬ್ಬಳಿಗೆ ಮಾತ್ರ ತಿಳಿಯುವುದಿಲ್ಲ. ಅವರು ತನ್ನನ್ನು ನೋಡುತ್ತಿದ್ದರೆ, ತಾನು ತಿನ್ನುತ್ತಿರುವ ತಿಂಡಿಯ ಮೇಲೆ ಅವರಿಗೆ ಆಸೆಯಾಗಿರಬೇಕೆಂದು ಭಾವಿಸುವಂಥವಳು ಅವಳು. ನಮ್ಮ ಸಂಸ್ಕೃತನಾಟಕಗಳಲ್ಲಿ ಹೊಟ್ಟೆಯ ಚಿಂತೆಯೊಂದೇ ಚಿಂತೆಯಾಗಿ, ರಾಜನ ಪ್ರೇಮದ ನಡುವೆ ಕಡುಬಿನ ಮಾತು ತೆಗೆಯುವ ವಿದೂಷಕನುಂಟಷ್ಟೆ. ಆ ವಿದೂಷಕನನ್ನೇ ಎತ್ತಿ ನಾಯಿಕೆಯ ಪೀಠದಲ್ಲಿ ಕೂಡಿಸಿದರೆ ಹೇಗಿರುತ್ತಿತ್ತೋ ಹಾಗಿದೆ ಈ ಕಾದಂಬರಿ.

ಪೂರ್ವಜನ್ಮದ ನೆನಪುಳ್ಳವರನ್ನು ನಮ್ಮವರು ಜಾತಿಸ್ಮರರೆಂದು ಕರೆದರು. ಚಿತ್ತದ ಸಂಸ್ಕಾರಗಳನ್ನು ಸಾಕ್ಷಾತ್ಕರಿಸಿಕೊಂಡವನಿಗೆ ಆ ಅರಿವು ಬರುವುದೆಂದು ಪತಂಜಲಿಯ ಮತ. ಕನ್ನಡದ ಓದುಗರಿಗೆ ಇದು ಬಹು ಪರಿಚಿತವಾದ ಸಂಗತಿ. ೯೪೧ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಶ್ರೀಮತಿಯು ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು, ಹಿಂದಿನ ಜನ್ಮದ ನಲ್ಲನಾದ ಲಲಿತಾಂಗನನ್ನು ನೆನೆದು ಮೂರ್ಛೆಹೋಗುತ್ತಾಳೆ. ಚಿತ್ರಪಟದ ಮೂಲಕ ಅವನನ್ನು ಹುಡುಕಿಸುತ್ತಾಳೆ. ೧೨೦೯ರ ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಗ ಇಬ್ಬರೂ ಪಶುಪಕ್ಷಿಗಳಾಗಿ ಹುಟ್ಟಿಹುಟ್ಟಿ ನೊಂದು, ಕೊನೆಗೆ ಅಭಯರುಚಿ ಅಭಯಮತಿಯರಾಗಿ ಜನಿಸಿ, ಆ ಕಥೆಯನ್ನು ಮಾರಿದತ್ತನೆಂಬ ರಾಜನಿಗೆ ಹೇಳುತ್ತಾರೆ. ಒಂದೆಡೆ ನೆನಪು ಪ್ರೇಮಕ್ಕೆ ದಾರಿ, ಇನ್ನೊಂದೆಡೆ ವೈರಾಗ್ಯಕ್ಕೆ ದಾರಿ. ಜಪಾನಿನ ಹುಡುಗಿಗೆ ಅದು ತರಕಾರಿಯ ಪಾತಿಗೆ ದಾರಿ! ಮೊದಲು ನಮಗೆ ಇದು ದೊಡ್ಡ ವಿಷಯವನ್ನು ಹಗುರಮಾಡಿದಂತೆ ಕಂಡಿತು. ಜನ್ನನಲ್ಲಿ ಪ್ರತಿಯೊಂದು ಹುಟ್ಟಿಗೂ ಕಾರಣವಿದೆ, ಲೆಕ್ಕವಿದೆ. ಇಲ್ಲಿ ಯಾವ ಕರ್ಮಕ್ಕೆ ಯಾವ ಫಲ? ರಾತ್ರಿಯೆಲ್ಲ ಆಡಿದ ಪಾಪಕ್ಕೆ ಖಳಕನ್ಯೆಯ ಜನ್ಮವೆಂದು ಹೇಳಿದರೆ, ನಮ್ಮ ಊರಿನ ಅರ್ಧ ಮಕ್ಕಳು ಖಳರಾಗಿಯೇ ಹುಟ್ಟಬೇಕಾದೀತು. ಎಂಟು ವಯಸ್ಸಿನವರೆಗೆ ಆ ಮೈಯಲ್ಲಿದ್ದ ಹಟಮಾರಿ ಹುಡುಗಿ ಎಲ್ಲಿಗೆ ಹೋದಳೆಂಬ ಪ್ರಶ್ನೆಯನ್ನೂ ಲೇಖಕರು ಹೆಚ್ಚಾಗಿ ಕೆದಕುವುದಿಲ್ಲ. ಶಾಸ್ತ್ರದ ದೃಷ್ಟಿಯಿಂದ ಇದು ಲೋಪವೇ.

ಆದರೆ ಜಪಾನಿನ ಹಳೆಯ ಸಾಹಿತ್ಯವನ್ನು ನೋಡಿದರೆ ಈ ಹಗುರವಾದ ಕಥೆಗೂ ಒಂದು ವಂಶಾವಳಿಯುಂಟೆಂದು ಕಾಣುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಸುಗವಾರ ನೊ ತಕಾಸುಯೆ ಎಂಬ ಅಧಿಕಾರಿಯ ಮಗಳೊಬ್ಬಳು “ಸರಾಶಿನಾ ದಿನಚರಿ”ಯೆಂಬ ಗ್ರಂಥವನ್ನು ಬರೆದಳು. ಅವಳ ಹೆಸರು ಉಳಿದಿಲ್ಲ. ೧೦೦೮ರಲ್ಲಿ ಹುಟ್ಟಿದ ಈಕೆಯು ಬಾಲ್ಯವನ್ನು ದೂರದ ಪ್ರಾಂತದಲ್ಲಿ ಕಳೆದು ೧೦೨೦ರಲ್ಲಿ ರಾಜಧಾನಿಗೆ ಹೊರಟುಬಂದಳು. ಕಥೆಗಳೆಂದರೆ ಪ್ರಾಣ. ಅತ್ತೆಯೋ ಚಿಕ್ಕಮ್ಮನೋ ಒಬ್ಬರು ಗೆಂಜಿ ಕಥೆಯ ಐವತ್ತು ಮಿಕ್ಕ ಸಂಪುಟಗಳನ್ನು ಉಡುಗೊರೆಯಾಗಿ ಕೊಟ್ಟಾಗ, ಹಗಲೆಲ್ಲ ಓದಿ, ರಾತ್ರಿ ದೀಪವನ್ನು ಬಳಿಯಲ್ಲಿಟ್ಟುಕೊಂಡು ಎಚ್ಚರವಿರುವಷ್ಟು ಹೊತ್ತೂ ಓದಿದಳು. ದೊಡ್ಡವಳಾದ ಮೇಲೆ ತಾನೂ ಆ ಕಥೆಯ ಹೆಣ್ಣುಗಳಂತೆ ಆಗುವೆನೆಂದು ಕನಸು ಕಂಡಳು. ಒಬ್ಬ ಸನ್ಯಾಸಿಯು ಸ್ವಪ್ನದಲ್ಲಿ ಬಂದು ಸದ್ಧರ್ಮಪುಂಡರೀಕಸೂತ್ರದ ಐದನೆಯ ಭಾಗವನ್ನು ಬೇಗ ಕಲಿಯೆಂದು ಹೇಳಿದರೂ, ಆ ಮಾತನ್ನು ಯಾರಿಗೂ ಹೇಳದೆ ಕಥೆಯಲ್ಲಿಯೇ ಮುಳುಗಿದ್ದಳಂತೆ. ಅವರ ಮನೆಗೆ ಎಲ್ಲಿಂದಲೋ ಬಂದ ಬೆಕ್ಕೊಂದು ಅಕ್ಕನ ಕನಸಿನಲ್ಲಿ ಕಾಣಿಸಿಕೊಂಡು, ತಾನು ಇಂಥ ದೊಡ್ಡಮಂತ್ರಿಯ ಮಗಳ ಮರುಹುಟ್ಟೆಂದು ಹೇಳಿಕೊಂಡಿತೆಂಬುದನ್ನೂ ಈಕೆ ಬರೆದಿದ್ದಾಳೆ. ಮುಂದೆ ಇವಳದೇ ಕೃತಿಯೆಂದು ಹೇಳಲಾಗುವ “ಹಮಮಾತ್ಸು ಚೂನಾಗೋನ್ ಕಥೆ”ಯಲ್ಲಿ, ನಾಯಕನ ಸತ್ತ ತಂದೆಯು ಚೀನದ ರಾಜಪುತ್ರನಾಗಿ ಹುಟ್ಟಿರುತ್ತಾನೆ. ಮಗನು ಕಡಲು ದಾಟಿ ಬಾಲಕನಾದ ತಂದೆಯನ್ನು ಕಾಣಲು ಹೋಗುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಮಿಶಿಮಾ ಯುಕಿಯೊ ಎಂಬ ಪ್ರಸಿದ್ಧ ಲೇಖಕನು ತನ್ನ ಕೊನೆಯ ನಾಲ್ಕು ಕಾದಂಬರಿಗಳ ಮಾಲೆಗೆ ಇದೇ ಹಳೆಯ ಕಥೆಯಿಂದ ಪ್ರೇರಣೆ ಪಡೆದನು. ಮಗಳು ನಿದ್ರೆಗೆಟ್ಟು ಕಥೆ ಓದುತ್ತಾಳೆಂದು ತಕಾಸುಯೆಯ ಮನೆಯವರೂ ಪೇಚಾಡಿರಬೇಕು. ಆ ನಿದ್ರೆಗೇಡಿನಿಂದ ಜಪಾನಿಗೆ ಒಂದು ಅಪೂರ್ವ ಗ್ರಂಥ ದೊರೆಯಿತು. ಈ ವಾದವನ್ನು ನಾವು ಸೊಸೆಯ ಮುಂದೆ ಹೇಳಲಿಲ್ಲ. ಅವಳಿಗೆ ಅಷ್ಟು ಆಸರೆ ಕೊಡುವುದು ಉಚಿತವಲ್ಲ.

ನಮ್ಮ ಕಾದಂಬರಿಯು ಪ್ರಕಟವಾದ ರೀತಿಯೂ ಹೊಸದು. ಯಾರು ಬೇಕಾದರೂ ಬರೆದು ಉಚಿತವಾಗಿ ಪ್ರಕಟಿಸಬಹುದಾದ “ಶೋಸೆತ್ಸುಕಾ ನಿ ನಾರೋ” ಎಂಬ ತಾಣವೊಂದು ಜಪಾನಿನಲ್ಲಿ ೨೦೦೪ರಿಂದ ಅಂತರ್ಜಾಲದಲ್ಲಿದೆ. ಕಾದಂಬರಿಕಾರರಾಗೋಣವೆಂದು ಆ ಹೆಸರಿನ ಅರ್ಥ. ಯಾಮಾಗುಚಿಯವರು ೨೦೧೪ರಲ್ಲಿ ಅಲ್ಲಿ ಈ ಕಥೆಯನ್ನು ಕಂತುಕಂತಾಗಿ ಬರೆಯತೊಡಗಿದರು. ೨೦೧೫ರಲ್ಲಿ ಇಚಿಜಿನ್‌ಶಾ ಎಂಬ ಪ್ರಕಾಶಕರು ಪುಸ್ತಕವಾಗಿ ಹೊರತಂದರು. ಮೊದಲ ಕಥೆಯು ಎರಡು ಸಂಪುಟಗಳಲ್ಲಿ ಮುಗಿದಿದ್ದರೂ ಬೇಡಿಕೆ ಹೆಚ್ಚಿ ಸಂಪುಟಗಳು ಹತ್ತನ್ನು ಮೀರಿದುವು. ೨೦೨೦ರಲ್ಲಿ ಚಲಿಸುವ ಚಿತ್ರಗಳ ಧಾರಾವಾಹಿಯಾಯಿತು. ೨೦೨೩ರಲ್ಲಿ ಸಿನೆಮವೂ ಆಯಿತು. ವಿನೋದವೆಂದರೆ, ಇಲ್ಲದ ಆಟವೊಂದರ ಒಳಗೆ ಹುಟ್ಟಿದವಳ ಈ ಕಥೆಯನ್ನು ಆಧರಿಸಿ ೨೦೨೧ರಲ್ಲಿ ನಿಜವಾದ ಆಟವೇ ತಯಾರಾಯಿತು. ಸತ್ತು ಬೇರೆ ಲೋಕದಲ್ಲಿ ಹುಟ್ಟುವವರ ಕಥೆಗಳು ಆ ತಾಣದಲ್ಲಿ ಎಷ್ಟು ಹೆಚ್ಚಿದುವೆಂದರೆ, ೨೦೧೬ರಲ್ಲಿ ಅವಕ್ಕೆಂದೇ ಬೇರೆ ಜನಪ್ರಿಯತೆಯ ಪಟ್ಟಿಯನ್ನು ಮಾಡಬೇಕಾಯಿತು. ಒಬ್ಬನು ನಡೆದ ಕಾಲುದಾರಿಯಲ್ಲಿ ಸಾವಿರ ಗಾಡಿಗಳು ಹೊರಟರೆ ದಾರಿ ಕೆಸರಾಗದೆ ಇರುತ್ತದೆಯೆ?

ದೋಷಗಳನ್ನು ಮರೆಮಾಡುವುದು ವಿಮರ್ಶಕನ ಧರ್ಮವಲ್ಲ. ನಡೆದ ಪ್ರಸಂಗವನ್ನೇ ಬೇರೊಬ್ಬರ ಬಾಯಿಂದ ಮತ್ತೆ ಹೇಳಿಸುವ ಪದ್ಧತಿ ಇಲ್ಲಿ ಮೇರೆಮೀರಿದೆ. ಶೈಲಿ ಸಾಧಾರಣ. ವರ್ಣನೆಯೆಂಬುದು ಇಲ್ಲವೆಂದೇ ಹೇಳಬಹುದು. ಕತರೀನಳ ಮೊದ್ದುತನವನ್ನು ಲೇಖಕರು ಕೆಲವೆಡೆ ಎಷ್ಟು ಎಳೆದಿದ್ದಾರೆಂದರೆ, ನಮಗೇ ಮೇಜು ತಟ್ಟಿ ಅವಳಿಗೆ ವಿಷಯವನ್ನು ವಿವರಿಸಬೇಕೆಂಬ ಹಳೆಯ ಚಟ ಕೆರಳುತ್ತದೆ. ಶಾಲೆಯನ್ನು ಬಿಟ್ಟ ಮೇಲಿನ ಸಂಪುಟಗಳು ಮೊದಲೆರಡರಷ್ಟು ಬಿಗಿಯಾಗಿಲ್ಲವೆಂದು ಸೊಸೆಯ ಅಭಿಪ್ರಾಯ.

ಹೀಗಿದ್ದರೂ ಒಂದು ಪ್ರಸಂಗವು ನಮ್ಮನ್ನು ಕದಲಿಸಿತು. ಶಾಲೆಯ ಭೋಜನಶಾಲೆಯಲ್ಲಿ ಕೆಲವರು ಹುಡುಗಿಯರು ಕತರೀನಳನ್ನು ಸುತ್ತುವರಿದು, ಮರಿಯಾಳನ್ನು ಇವಳು ಇಂತಿಂಥ ರೀತಿ ಪೀಡಿಸಿದಳೆಂದು ಬರೆದ ಸಾಕ್ಷ್ಯವನ್ನು ಮುಂದೆಮಾಡುತ್ತಾರೆ. ಇಷ್ಟು ವರುಷ ಹೆದರಿದ್ದ ಆ ಗಳಿಗೆ, ತಾನು ಏನೂ ಮಾಡದಿದ್ದರೂ, ಬಂದೇಬಿಟ್ಟಿತು. ಬಾವುಟ ಏರಿತು. ಆಗ ಮರಿಯಾಳೇ ಮುಂದೆ ಬಂದು, ಇದು ಸುಳ್ಳೆಂದು ಹೇಳುತ್ತಾಳೆ. ಮಿಕ್ಕವರೆಲ್ಲರೂ ಅವಳ ಪಕ್ಕದಲ್ಲಿ ನಿಲ್ಲುತ್ತಾರೆ. ಇಷ್ಟು ಚಾತುರ್ಯದ ಸಂಚನ್ನು ಹೂಡುವ ಬುದ್ಧಿ ಇವಳಿಗೆಲ್ಲಿಂದ ಬರಬೇಕೆಂಬುದು ಅವರ ವಾದ. ಓದುಗನು ನಗುತ್ತಾನೆ. ಕತ್ತಿವರಸೆಯೂ ಹಾವಿನ ಆಟಿಕೆಯೂ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಮುಂದಿನದೆಲ್ಲ ಬಲ್ಲೆನೆಂದುಕೊಂಡವಳನ್ನು ಕಾಪಾಡಿದ್ದು, ಅವಳು ಲೆಕ್ಕಕ್ಕೇ ಹಿಡಿಯದಿದ್ದ ಸಂಗತಿ.

ನಾವು ಅಲ್ಲಿ ಮೊಬೈಲನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಸುಮಾರು ಮೂವತ್ತು ವರುಷಗಳ ಹಿಂದಿನ ಮಾತು. ಹೊಸ ಶಾಲೆಗೆ ವರ್ಗವಾಗಿ ಹೋದ ದಿನವೇ ಉಪಾಧ್ಯಾಯರ ಕೊಠಡಿಯಲ್ಲಿ ಒಬ್ಬರು ನಮ್ಮ ತರಗತಿಯ ಹಾಜರಿಪುಸ್ತಕವನ್ನು ಬಿಡಿಸಿ, ಒಂದು ಹೆಸರಿನ ಮೇಲೆ ಬೆರಳಿಟ್ಟು, “ಇವನ ಕೈ ಸರಿಯಿಲ್ಲ, ಜೋಕೆ” ಎಂದು ಹೇಳಿದರು. ನಾವು ಆ ಹುಡುಗನ ಮುಖವನ್ನು ನೋಡುವ ಮೊದಲೇ ಅವನ ಪಾತ್ರವನ್ನು ತಿಳಿದುಬಿಟ್ಟೆವು. ಕೆಲವು ವಾರಗಳ ಮೇಲೆ ಮಕ್ಕಳ ಪ್ರವಾಸಕ್ಕೆಂದು ಕೂಡಿಸಿದ ಹಣದಲ್ಲಿ ಇಪ್ಪತ್ತು ರೂಪಾಯಿಯ ನೋಟೊಂದು ಕಾಣದಾಯಿತು. ನಲವತ್ತು ಮಕ್ಕಳಿದ್ದ ತರಗತಿಯಲ್ಲಿ ನಾವು ಶೋಧಿಸಿದ್ದು ಒಬ್ಬನ ಚೀಲವನ್ನು. ಎಲ್ಲರೆದುರಿಗೆ ಮೇಜಿನ ಮೇಲೆ ಸುರಿಸಿದೆವು. ಮುರಿದ ಕೈವಾರ, ಬಟ್ಟೆಯಲ್ಲಿ ಸುತ್ತಿದ ಅರ್ಧ ರೊಟ್ಟಿ, ಗುಲಗಂಜಿ ತುಂಬಿದ ಒಂದು ಡಬ್ಬಿ. ಹುಡುಗನು ಮಾತಾಡದೆ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡನು. ಅವನು ಸುಮ್ಮನಿದ್ದುದೇ ನಮಗೆ ಸಾಕ್ಷ್ಯವಾಗಿ ಕಂಡಿತು. ದಸರೆಯ ರಜೆಯಾದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮರುವರುಷದ ಮಳೆಗಾಲದಲ್ಲಿ, ನಮ್ಮದೇ ಶಬ್ದಮಂಜರಿಯ ಹಾಳೆಗಳ ನಡುವೆ, ಗುರುತಿಗೆಂದು ನಾವೇ ಇಟ್ಟು ಮರೆತಿದ್ದ ಆ ನೋಟು ಸಿಕ್ಕಿತು. ಅದನ್ನು ಶಾಲೆಯ ನಿಧಿಗೆ ಸೇರಿಸಿ ರಸೀತಿ ಪಡೆದೆವು. ಹುಡುಗನನ್ನು ಹುಡುಕಲಿಲ್ಲ.

ಸಂಜೆ ಸೊಸೆಯು ಬಂದು, “ಹೇಗಿತ್ತು ಮಾವ? ಈಗ ಬಯ್ಯುತ್ತೀರಾ?” ಎಂದು ಕೇಳಿದಾಗ, ಬೈಗುಳದ ಬದಲು ಈ ಕಥೆಯನ್ನು ಹೇಳಿದೆವು. ಮನೆಯಲ್ಲಿ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ತಲೆತಗ್ಗಿಸಿ ಕುಳಿತಿದ್ದು, “ಅವರ ಊರು ನಿಮಗೆ ಗೊತ್ತೇ?” ಎಂದಳು. ಗೊತ್ತೆಂದೆವು. “ಎಷ್ಟು ದೂರ?” ಬಸ್ಸಿನಲ್ಲಿ ಎರಡು ಗಂಟೆಯ ದಾರಿಯೆಂದೆವು. ಮತ್ತೇನನ್ನೂ ಕೇಳಲಿಲ್ಲ, ಒಳಗೆ ಹೋಗಿ ಭೌತಶಾಸ್ತ್ರದ ಪುಸ್ತಕ ತೆರೆದಳು.

ತಂಗಿಗೆ ಏನು ವರದಿ ಕೊಟ್ಟೆವೆಂದು ವಾಚಕರು ಕೇಳಬಹುದು. ಪುಸ್ತಕದಲ್ಲಿ ಕೆಟ್ಟದ್ದೇನೂ ಇಲ್ಲ. ರಾತ್ರಿ ಹತ್ತರ ಮೇಲೆ ಮೊಬೈಲು ನಡುಮನೆಯ ಗೂಡಿನಲ್ಲಿರತಕ್ಕದ್ದು. ಭೌತಶಾಸ್ತ್ರವನ್ನು ಹೇಳಿಕೊಡಲು ಪಕ್ಕದ ಬೀದಿಯ ನಮ್ಮ ಹಳೆಯ ಸ್ನೇಹಿತರೊಬ್ಬರು ಒಪ್ಪಿದ್ದಾರೆ ಎಂದು ತಿಳಿಸಿದೆವು. ಹುಡುಗಿಯೂ ಒಪ್ಪಿದಳು. ಹಿತ್ತಲಿನಲ್ಲಿ ಒಂದು ಪಾತಿ ಮಾಡಲು ಗುದ್ದಲಿ ಕೇಳಿದ್ದಾಳೆ. ಬದನೆಯ ಸಸಿಗಳನ್ನು ತಂದುಕೊಡುವೆನೆಂದು ಗೃಹಿಣಿಯು ಮಾತುಕೊಟ್ಟಿದ್ದಾಳೆ.

ಎರಡನೆಯ ಸಂಪುಟದ ಕೊನೆಯ ಭಾಗವು ನಮಗಿನ್ನೂ ಓದಲು ಉಳಿದಿದೆ. ಆ ಊರಿನ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಡುತ್ತದೆಂದು ಸೊಸೆಯು ವಿಚಾರಿಸಿಕೊಂಡು ಬಂದಳು. ಬರುವ ಆದಿತ್ಯವಾರ ಅವಳಿಗೆ ಕಾಲೇಜಿಲ್ಲವಾದುದರಿಂದ, ದಾರಿಯಲ್ಲಿ ಓದಿಕೊಳ್ಳಿರೆಂದು ಮೊಬೈಲನ್ನು ಆ ಒಂದು ದಿನದ ಮಟ್ಟಿಗೆ ನಮಗೆ ಕೊಡುವುದಾಗಿ ಹೇಳಿದ್ದಾಳೆ.